ನೋಡಲು ಒಂದೇ ಅಕ್ಷರ

ಅಕ್ಟೋಬರ್ 9, ಸೋಮವಾರ

ಐವತ್ತೇಳನೆಯ ವಯಸ್ಸಿನಲ್ಲಿ ಮತ್ತೆ ಶಾಲೆಗೆ ಹೋಗಬೇಕಂತೆ. ಉನ್ನತ ವಿದ್ಯಾಲಯಗಳ ಕಂಪ್ಯೂಟರ್ ಸಿಬ್ಬಂದಿಗೆಲ್ಲ ಹತ್ತು ವಾರಗಳ ವೃತ್ತಿ ತರಬೇತಿ. ವಾರಕ್ಕೆರಡು ದಿನ ಪರದೆಯ ಮೇಲೆ ಪಾಠ, ಮೇಲಿಂದ ಶಾಲೆಯ ಮಕ್ಕಳ ಹಾಗೆ ಮನೆಗೆಲಸ, ಕೊನೆಗೆ ರಾಜಧಾನಿ ಸೋಫಿಯಾಕ್ಕೆ ಹೋಗಿ ಎಲ್ಲರೆದುರು ನಿಂತು ಮಾತಾಡಬೇಕು.

ನಮ್ಮ ಅರಣ್ಯ ವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ ಇರುವುದೇ ಇಬ್ಬರು, ನಾನು ಮತ್ತು ಇಸ್ಕ್ರಾ. ಸರ್ವರ್ ನನ್ನದು, ನೆಟ್‌ವರ್ಕ್ ಅವಳದು. ಉಪನಿರ್ದೇಶಕಿ ಗೆಂಚೆವಾ ನಮ್ಮಿಬ್ಬರನ್ನೂ ಕೂರಿಸಿಕೊಂಡು ಪತ್ರ ಓದಿದರು. ಓದಿ ಮುಗಿಸಿ, ಕನ್ನಡಕ ಒರೆಸುತ್ತ, ಬರುವ ವರ್ಷ ವಿಭಾಗಕ್ಕೆ ಒಂದೂವರೆ ಹುದ್ದೆ ಮಾತ್ರ ಉಳಿಯುತ್ತದೆ, ತರಬೇತಿಯ ಫಲಿತಾಂಶ ನೋಡಿ ತೀರ್ಮಾನ ಮಾಡುತ್ತೇವೆ ಎಂದರು. ಹವಾಮಾನ ವರದಿ ಹೇಳುವವರ ಹಾಗೆ ಹೇಳಿದರು. ಇಸ್ಕ್ರಾ ಕಿಟಕಿ ನೋಡಿದಳು. ನಾನು ಇಸ್ಕ್ರಾಳನ್ನು ನೋಡಿದೆ. ಅವಳಿಗೆ ನಲವತ್ತೊಂದು. ಅರ್ಧ ಹುದ್ದೆ ಯಾರ ಪಾಲಿಗೆ ಎಂದು ಹೇಳಲು ಜ್ಯೋತಿಷಿ ಬೇಕಿಲ್ಲ.

ಪಿಂಚಣಿಗೆ ಇನ್ನೂ ನಾಲ್ಕು ವರ್ಷ ಇದೆ. ಈ ಲೋಮ್ ಊರಿನಲ್ಲಿ ನನ್ನ ವಯಸ್ಸಿನ ಹೆಂಗಸಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ?

ಮೊದಲ ಮನೆಗೆಲಸವೇ ದಿನಚರಿ. 'ಈ ವಾರ ನಾನು ಏನು ಕಲಿತೆ' ಎಂದು ಬರೆದು ಪ್ರತಿ ಶುಕ್ರವಾರ ಕಳಿಸಬೇಕು. 'ಹೊಸದನ್ನು ಕಲಿಯುವ ಅವಕಾಶ ಸಿಕ್ಕಿದ್ದು ಸಂತೋಷ ತಂದಿದೆ' ಎಂದು ಬರೆದಿಟ್ಟೆ. ಹಸಿ ಸುಳ್ಳು. ಬರೆದ ಮೇಲೆ ನನಗೇ ಅಸಹ್ಯವಾಗಿ, ಅಡುಗೆಮನೆಯ ಖಾನೆಯಿಂದ ಸೂರ್ಯಕಾಂತಿ ಚಿತ್ರದ ಈ ಪುಸ್ತಕ ತೆಗೆದೆ. ಅದು ಅವರಿಗೆ, ಇದು ನನಗೆ.

ಅಕ್ಟೋಬರ್ 12, ಗುರುವಾರ

ಮೊದಲ ಪಾಠ. ಪರದೆಯ ತುಂಬ ಚೌಕ ಚೌಕವಾಗಿ ನಲವತ್ತು ಮುಖಗಳು, ಎಲ್ಲವೂ ಪಾಸ್‌ಪೋರ್ಟ್ ಫೋಟೋಕ್ಕೆ ಕೂತ ಹಾಗೆ. ಪಾಠ ಮಾಡುವವರು ಯಾವೊರ್ ತೊಮೊವ್, ಪ್ಲೊವ್ಡಿವ್ ಕಡೆಯವರು, ದಪ್ಪ ಮೀಸೆ. ಯಾರೋ ಏನೋ ಕೇಳಿದರೆ 'ನನಗೆ ಗೊತ್ತಿಲ್ಲ, ನೋಡಿ ಹೇಳುತ್ತೇನೆ' ಎನ್ನುತ್ತಾರೆ. ನಾಚಿಕೆಯೇ ಇಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ನಾನು ಆ ಮಾತು ಬಾಯಿಂದ ಹೊರಡಿಸಿದವಳಲ್ಲ.

ಪ್ರತಿಯೊಬ್ಬರೂ ಹೆಸರು ಹೇಳಿ, ಕೆಲಸದಲ್ಲಿ ತಮಗಿರುವ ಒಂದು ಭಯ ಹೇಳಬೇಕಿತ್ತು. ಒಬ್ಬರು ವೈರಸ್ ಎಂದರು, ಒಬ್ಬರು ಕರೆಂಟು ಹೋಗುವುದು ಎಂದರು. ನಾನು ಇಲಿ ಎಂದೆ. ಎಲ್ಲರೂ ನಕ್ಕರು. ನಿಜ ಹೇಳಿದವರು ಒಬ್ಬರೂ ಇರಲಿಕ್ಕಿಲ್ಲ.

ಇಸ್ಕ್ರಾ ಪಕ್ಕದ ಕೋಣೆಯಲ್ಲೇ ಕೂತು ಅದೇ ಪಾಠ ಕೇಳುತ್ತಿದ್ದಳು. ಅವಳ ದನಿ ಒಮ್ಮೆ ಗೋಡೆಯಿಂದ ಬರುತ್ತಿತ್ತು, ಒಂದು ಕ್ಷಣ ಬಿಟ್ಟು ಸ್ಪೀಕರಿನಿಂದ ಬರುತ್ತಿತ್ತು. ಎದ್ದು ನಡುವಿನ ಬಾಗಿಲು ಹಾಕಿಕೊಂಡೆ.

ಅಕ್ಟೋಬರ್ 19, ಗುರುವಾರ

ಈ ವಾರದ ವಿಷಯ ಬ್ಯಾಕಪ್. ಇದರಲ್ಲಿ ನನಗೆ ಪಾಠ ಹೇಳುವವರು ಯಾರು? ಕಳೆದ ಹನ್ನೊಂದು ವರ್ಷಗಳಲ್ಲಿ ಓದಿದ ವಿದ್ಯಾರ್ಥಿಗಳ ಅಂಕಗಳೆಲ್ಲ ನನ್ನ ಸರ್ವರಿನಲ್ಲಿವೆ. ದಿನಾ ಅವುಗಳ ನಕಲು ತಾನಾಗಿ ಇನ್ನೊಂದು ಕಡೆ ಹೋಗಿ ಕೂರುತ್ತದೆ. ಬೆಳಿಗ್ಗೆ ನಾನು ಬರುವ ಹೊತ್ತಿಗೆ 'ಯಶಸ್ವಿ' ಎಂಬ ಸಂದೇಶ ಕಾಯುತ್ತಿರುತ್ತದೆ. ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ ಕಾಫಿಗೆ ಹೋಗುತ್ತೇನೆ. ಒಂದು ದಿನವೂ ತಪ್ಪಿಸಿಲ್ಲ.

ತೊಮೊವ್ ಅದನ್ನು ಒಪ್ಪುವುದಿಲ್ಲ. ಗುರುತು ತೋರಿಸಬೇಡಿ, ವಾಪಸ್ ತಂದು ತೋರಿಸಿ ಎನ್ನುತ್ತಾರೆ. ಯಾರಾದರೂ ಒಬ್ಬ ವಿದ್ಯಾರ್ಥಿಯ ಅಂಕಗಳನ್ನು ಬ್ಯಾಕಪ್ಪಿನಿಂದ ತೆಗೆದು ಬೇರೆ ಕಂಪ್ಯೂಟರಿನಲ್ಲಿ ತೆರೆಯಬೇಕು, ಅದರ ಚಿತ್ರ ಕಳಿಸಬೇಕು. ಅರ್ಧ ಗಂಟೆಯ ಕೆಲಸ. ನಾಳೆ ಮುಗಿಸಿ ಸ್ಪಾಸ್‌ನ ಜೊತೆ ಉಪ್ಪಿನಕಾಯಿಗೆ ಎಲೆಕೋಸು ಹೆಚ್ಚಬೇಕು. ಬಂದರಿನ ಕ್ರೇನ್ ಬಿಟ್ಟು ಮನೆ ಸೇರಿದ ಮೇಲೆ ನನ್ನ ಗಂಡನಿಗೆ ಜಾಡಿಗಳದ್ದೇ ಲೋಕ.

ಅಕ್ಟೋಬರ್ 20, ಶುಕ್ರವಾರ

ಫೋಲ್ಡರ್ ಖಾಲಿ ಇದೆ.

ಎಲ್ಲೋ ತಪ್ಪಾಗಿ ನೋಡಿರಬೇಕು.

ಅಕ್ಟೋಬರ್ 23, ಸೋಮವಾರ

ತಪ್ಪಾಗಿ ನೋಡಿಲ್ಲ. ಎರಡು ದಿನ ಎಲೆಕೋಸು ಹೆಚ್ಚಿದೆ, ಬೆರಳೂ ಹೆಚ್ಚಿಕೊಂಡೆ. ಇವತ್ತು ಬಾಗಿಲು ಹಾಕಿಕೊಂಡು ಕೂತು ಮೂಲ ಹುಡುಕಿದೆ. ಸಿಕ್ಕಿತು. ಸಿಗದೆ ಇದ್ದಿದ್ದರೇ ಚೆನ್ನಾಗಿತ್ತು.

ಅಂಕಗಳಿರುವ ಫೋಲ್ಡರಿನ ಹೆಸರು 'ಒತ್ಸೆಂಕಿ'. ಅಂಕಗಳು ಎಂದೇ ಅರ್ಥ, ಬರೆದಿರುವುದು ಮಾತ್ರ ಲ್ಯಾಟಿನ್ ಲಿಪಿಯಲ್ಲಿ. ಎರಡೂವರೆ ವರ್ಷದ ಹಿಂದೆ ಹೊಸ ಸರ್ವರ್ ಬಂದಾಗ, ಯಾವ ಫೋಲ್ಡರಿನ ನಕಲು ತೆಗೆಯಬೇಕು ಎಂಬ ಆದೇಶವನ್ನು ನಾನೇ ಟೈಪ್ ಮಾಡಿದೆ. ಕೀಬೋರ್ಡ್ ನಮ್ಮ ಸಿರಿಲಿಕ್ ಲಿಪಿಯಲ್ಲಿ ಇದ್ದಿರಬೇಕು. ಮೊದಲ ಅಕ್ಷರ ಹೊಡೆದೆ, ಸೊನ್ನೆಯ ಹಾಗಿನ 'ಒ' ಮೂಡಿತು. ಎರಡನೆಯದು ಹೊಡೆದಾಗ ನಮ್ಮ ಲಿಪಿಯ 'ತ್ಸ' ಕಾಣಿಸಿತು. ಅಯ್ಯೋ ಎಂದು ಅದೊಂದನ್ನೇ ಅಳಿಸಿ, ಲ್ಯಾಟಿನ್‌ಗೆ ಬದಲಾಯಿಸಿ, ಮುಂದಿನದನ್ನು ಹೊಡೆದುಕೊಂಡು ಹೋದೆ. ಆ ಮೊದಲ 'ಒ' ನಮ್ಮ ಲಿಪಿಯದ್ದೇ ಉಳಿಯಿತು. ಎರಡು ಲಿಪಿಯ 'ಒ' ಕೂಡ ನೋಡಲು ಒಂದೇ. ಕಣ್ಣಿಗೆ ಒಂದು, ಯಂತ್ರಕ್ಕೆ ಎರಡು.

ಈ ದೇಶದಲ್ಲಿ ಕೀಬೋರ್ಡ್ ಮುಟ್ಟಿದ ಪ್ರತಿಯೊಬ್ಬರಿಗೂ ಗೊತ್ತಿರುವ ತಪ್ಪು ಇದು. ಪಾಸ್‌ವರ್ಡ್ ತೆಗೆದುಕೊಳ್ಳುತ್ತಿಲ್ಲ ಎಂದು ಗೋಳಾಡುವ ಮೇಷ್ಟ್ರುಗಳಿಗೆಲ್ಲ ಫೋನಿನಲ್ಲಿ ನಾನೇ ಬೈದಿದ್ದೇನೆ, ಯಾವ ಲಿಪಿಯಲ್ಲಿದ್ದೀರಿ ನೋಡಿಕೊಳ್ಳಿ, ಕಣ್ಣು ಎಲ್ಲಿಟ್ಟಿದ್ದೀರಿ ಎಂದು.

ಅಂಥ ಹೆಸರಿನ ಫೋಲ್ಡರ್ ಇರಲಿಲ್ಲವಲ್ಲ, ಯಂತ್ರ ದೂರು ಹೇಳಬೇಕಿತ್ತು ತಾನೆ? ಹೇಳಲಿಲ್ಲ. ಫೋಲ್ಡರ್ ಇಲ್ಲದಿದ್ದರೆ ಹೊಸದು ಮಾಡಿಕೋ ಎಂದು ಜಾಣತನದ ಒಂದು ಸಾಲನ್ನೂ ನಾನೇ ಬರೆದಿದ್ದೆ. ಅದು ಮಾಡಿಕೊಂಡಿತು. ಎರಡೂವರೆ ವರ್ಷ ಪ್ರತಿದಿನ ಒಂದು ಖಾಲಿ ಫೋಲ್ಡರಿನ ನಕಲು ತೆಗೆದು, ಬೆಳಿಗ್ಗೆ ನನಗೆ 'ಯಶಸ್ವಿ' ಎಂದು ಹೇಳುತ್ತ ಬಂತು. ನಾನು ಗುರುತು ಹಾಕುತ್ತ ಬಂದೆ.



ಅಕ್ಟೋಬರ್ 25, ಬುಧವಾರ

ನಿನ್ನೆ ಆ ಅಕ್ಷರ ಸರಿಪಡಿಸಿ ಮನೆಗೆ ಹೋದೆ. ನಕಲು ಆಗಿಬಿಡುತ್ತದೆ, ಯಾರಿಗೂ ತಿಳಿಯುವುದಿಲ್ಲ, ಪೀಡೆ ಕಳೆಯಿತು ಎಂದುಕೊಂಡಿದ್ದೆ. ಬೆಳಿಗ್ಗೆ ಬಂದರೆ, ಎರಡೂವರೆ ವರ್ಷದಲ್ಲಿ ಮೊದಲ ಬಾರಿಗೆ 'ಯಶಸ್ವಿ' ಇಲ್ಲ. 'ಓದಲಾಗಲಿಲ್ಲ' ಎಂದಿದೆ. ಮೂರರಲ್ಲಿ ಒಂದು ಪಾಲು ಓದಿ ನಿಂತುಬಿಟ್ಟಿದೆ, ಆ ಅರೆಬರೆ ನಕಲು ತೆರೆಯುವುದೂ ಇಲ್ಲ.

ಸರ್ವರಿನಲ್ಲಿ ಎರಡು ಡಿಸ್ಕುಗಳು ಜೋಡಿಯಾಗಿ ಇರುತ್ತವೆ, ಒಂದು ಹೋದರೆ ಇನ್ನೊಂದು ಕಾಪಾಡಲಿ ಎಂದು. ಸೆಪ್ಟೆಂಬರಿನಲ್ಲಿ ಒಂದು ಸತ್ತುಹೋಯಿತು. ಹೊಸದಕ್ಕೆ ಅರ್ಜಿ ಕೊಟ್ಟಿದ್ದೇನೆ. ಇವತ್ತು ಆ ಅರ್ಜಿಯ ಪ್ರತಿ ತೆಗೆದು ಓದಿದೆ. ಕೊನೆಯ ಸಾಲು ನನ್ನದೇ ಕೈಬರಹ: 'ಬ್ಯಾಕಪ್ ಇದೆ, ತುರ್ತೇನಿಲ್ಲ.'

ಅಂದರೆ ಹನ್ನೊಂದು ವರ್ಷ ಇಲ್ಲಿ ಓದಿ ಹೋದವರೆಲ್ಲರ ಅಂಕಗಳು ಈಗ ಒಂದೇ ಒಂದು ಡಿಸ್ಕಿನ ಮೇಲಿವೆ. ಆ ಡಿಸ್ಕೂ ಕೆಡುತ್ತಿದೆ. ಈ ಭೂಮಿಯ ಮೇಲೆ ಈ ಮಾತು ಗೊತ್ತಿರುವವಳು ನಾನೊಬ್ಬಳೇ.

ನವೆಂಬರ್ 1, ಬುಧವಾರ

ವಿದ್ಯಾಲಯಗಳಿಗೆಲ್ಲ ರಜೆ. ಇಂಥ ದಿನ ಕಟ್ಟಡದಲ್ಲಿ ಯಾರೂ ಇರುವುದಿಲ್ಲವೆಂದು ನಾನೊಬ್ಬಳೇ ಹೋದೆ. ಕಾವಲಿನವನಿಗೆ ಛತ್ರಿ ಮರೆತಿದ್ದೇನೆ ಎಂದೆ. ಹೊರಗೆ ಬಿಸಿಲು ಸುರಿಯುತ್ತಿತ್ತು.

ಕೈಯಾರೆ ನಕಲು ತೆಗೆಯಲು ಕೂತೆ. ಅದೇ ಜಾಗಕ್ಕೆ ಬಂದಾಗ ಡಿಸ್ಕು ಸದ್ದು ಮಾಡತೊಡಗಿತು, ಕಟ್ ಕಟ್ ಕಟ್ ಎಂದು, ಯಾರೋ ಒಳಗಿನಿಂದ ಉಗುರಿನಲ್ಲಿ ಬಾಗಿಲು ತಟ್ಟಿದ ಹಾಗೆ. ನಿಲ್ಲಿಸಿಬಿಟ್ಟೆ. ಸದ್ದು ನಿಂತಿತು. ಇನ್ನೊಮ್ಮೆ ಹೀಗೆ ಮಾಡಿದರೆ ಅದು ಸತ್ತೇ ಹೋಗಬಹುದು.

ಸರಿಯಾದ ದಾರಿ ಗೊತ್ತಿದೆ. ಸರ್ವರನ್ನು ಪೂರ್ತಿ ನಿಲ್ಲಿಸಿ, ದೊಡ್ಡದೊಂದು ಡಿಸ್ಕಿಗೆ ನಿಧಾನವಾಗಿ, ಓದಲಾಗದ ಜಾಗ ಬಿಟ್ಟು ಬಿಟ್ಟು ಇಳಿಸಿಕೊಳ್ಳಬೇಕು. ಎರಡು ದಿನ ಹಿಡಿಯುತ್ತದೆ. ದೊಡ್ಡ ಡಿಸ್ಕು ಇಸ್ಕ್ರಾಳ ಬೀರುವಿನಲ್ಲಿದೆ. ಎರಡು ದಿನ ನಿಲ್ಲಿಸಲು ಗೆಂಚೆವಾ ಅವರ ಸಹಿ ಬೇಕು, ಕಾರಣ ಬರೆಯಬೇಕು. ಕಾರಣ ಏನೆಂದು ಬರೆಯಲಿ?

ಒಬ್ಬಳಿಗೆ ಹೇಳಿದರೆ ಅವಳ ಕೈಗೆ ಕತ್ತಿ ಕೊಟ್ಟ ಹಾಗೆ, ಇನ್ನೊಬ್ಬರಿಗೆ ಹೇಳಿದರೆ ಕತ್ತೇ ಕೊಟ್ಟ ಹಾಗೆ.

ನವೆಂಬರ್ 3, ಶುಕ್ರವಾರ

ಬ್ಯಾಕಪ್ಪಿನ ಮನೆಗೆಲಸಕ್ಕೆ ಇವತ್ತು ಕೊನೆಯ ದಿನ. ಸರ್ವರಿನಿಂದಲೇ ಒಬ್ಬ ವಿದ್ಯಾರ್ಥಿನಿಯ ಅಂಕಗಳನ್ನು ತೆಗೆದು, ಬೇರೆ ಕಂಪ್ಯೂಟರಿನಲ್ಲಿ ತೆರೆದು, ಬ್ಯಾಕಪ್ಪಿನಿಂದ ತಂದದ್ದು ಎಂದು ಚಿತ್ರ ಕಳಿಸಿದೆ. ಅವರ ದಿನಚರಿಯಲ್ಲಿ 'ಪರೀಕ್ಷಿಸಿ ನೋಡುವುದರ ಮಹತ್ವ ಅರಿತೆ' ಎಂದೂ ಬರೆದೆ.

ಊಟ ಸೇರಲಿಲ್ಲ.

ನವೆಂಬರ್ 9, ಗುರುವಾರ

ಮಾಡಿದ್ದುಣ್ಣೋ ಮಹಾರಾಯ. ತೊಮೊವ್ ಇವತ್ತು ನಲವತ್ತು ಜನರೆದುರು ನನ್ನ ಮನೆಗೆಲಸ ತೋರಿಸಿ, ಕೆಲಸ ಅಂದರೆ ಹೀಗಿರಬೇಕು ಎಂದರು. ಸೋಫಿಯಾದಲ್ಲಿ ನಾನು ಇದನ್ನೇ ವಿಷಯವಾಗಿ ಇಟ್ಟುಕೊಂಡು ಮಾತಾಡಬೇಕಂತೆ. ಪರದೆಯ ಮೇಲೆ ನನ್ನ ಮುಖ ನನಗೇ ಕಾಣುತ್ತಿತ್ತು, ಸುಣ್ಣ ಬಳಿದ ಹಾಗಿತ್ತು. ಯಾರೋ 'ಅಭಿನಂದನೆ' ಎಂದು ಬರೆದರು. ಗೋಡೆಯ ಆಚೆ ಇಸ್ಕ್ರಾ ಕೆಮ್ಮಿದಳು. ಆ ಕೆಮ್ಮಿಗೆ ಅರ್ಥ ಇದೆಯೋ ಇಲ್ಲವೋ ಎಂದು ಒಂದು ಗಂಟೆ ಯೋಚಿಸಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಎಂದೂ ಅಂದಿಲ್ಲ, ನಾನು ಹೆಗಲು ಒರೆಸಿಕೊಳ್ಳುತ್ತಲೇ ಇದ್ದೇನೆ.

ದಿನಕ್ಕೆ ಹತ್ತು ಸಲ ಸರ್ವರ್ ಕೋಣೆಗೆ ಹೋಗಿ ಡಿಸ್ಕಿನ ದೀಪ ನೋಡಿ ಬರುತ್ತೇನೆ. ಹಸಿರು. ಇನ್ನೂ ಹಸಿರು.

ನವೆಂಬರ್ 14, ಮಂಗಳವಾರ

ಸ್ಪಾಸ್ ನನಗೆ ಏನೋ ದೊಡ್ಡ ಕಾಯಿಲೆ ಎಂದು ತೀರ್ಮಾನಿಸಿದ್ದಾನೆ. ಬೆಳಿಗ್ಗೆ ತಟ್ಟೆಯಲ್ಲಿ ಚೀಸ್ ಹೂರಣದ ಬಾನಿತ್ಸಾ ಹಾಗೇ ಉಳಿದದ್ದು ನೋಡಿ, ಡಾಕ್ಟರ ಹತ್ತಿರ ನೀನಾಗೇ ಬರುತ್ತೀಯೋ ಎಳೆದುಕೊಂಡು ಹೋಗಲೋ ಎಂದ. ಹೇಳಿಬಿಟ್ಟೆ. ಎಲ್ಲವನ್ನೂ ಹೇಳಿದೆ. ಅವನಿಗೆ ಫೋಲ್ಡರ್ ಎಂದರೇನೆಂದು ಗೊತ್ತಿಲ್ಲ, ಆದರೂ ಮೆಣಸಿನಕಾಯಿ ಜಾಡಿ ಒರೆಸುತ್ತ ಪೂರ್ತಿ ಕೇಳಿದ.

"ನಮ್ ಕ್ರೇನಲ್ಲೂ ಹಿಂಗಾಗಿತ್ತು," ಎಂದ. "ಹಗ್ಗ ಸವೆದಿದ್ದು ನಂಗೊಬ್ಬನಿಗೇ ಕಂಡಿತ್ತು. ಹಿಂದಿನ ವಾರ ಸರಿ ಇದೆ ಅಂತ ಸಹಿ ಹಾಕಿದವ್ನೂ ನಾನೇ. ಆದ್ರೂ ಹೋಗಿ ಹೇಳ್ದೆ."

ಹೇಳಿದವರನ್ನು ಯಾರೂ ಬೈಯುವುದಿಲ್ಲ ಎನ್ನುತ್ತೀಯಾ ಎಂದು ಕೇಳಿದೆ.

"ಬೈದೇ ಬೈತಾರೆ. ನನ್ನ ಹುಟ್ಟಿದ ದಿನಾನೂ ಸೇರ್ಸಿ ಬೈದ್ರು. ಆದ್ರೆ ಕೆಳಗೆ ನಿಂತಿದ್ದೋನು ಬದುಕ್ಕೊಂಡ."

ಬಾನಿತ್ಸಾ ಬಿಸಿ ಮಾಡಿ ಮತ್ತೆ ನನ್ನ ಮುಂದಿಟ್ಟ. ಕ್ರೇನಿನ ಮಾತು ಬೇರೆ, ಅಲ್ಲಿ ಮನುಷ್ಯ ಸಾಯುತ್ತಾನೆ. ಇಲ್ಲಿ ಯಾರು ಸಾಯುತ್ತಾರೆ?

ನವೆಂಬರ್ 16, ಗುರುವಾರ

ಒಬ್ಬಳು ಬಂದಿದ್ದಳು, ರಲಿತ್ಸಾ ಅಂತ, ಆರು ವರ್ಷದ ಹಿಂದೆ ಇಲ್ಲಿ ಓದಿದವಳು. ಕಚೇರಿಯವರು ನನ್ನ ಹತ್ತಿರ ಕಳಿಸಿದರು. ಮಗು ಸೊಂಟದ ಮೇಲಿತ್ತು. ಅರಣ್ಯ ಇಲಾಖೆಯಲ್ಲಿ ಕೆಲಸ ಸಿಗುವ ಹಾಗಿದೆ, ಎಲ್ಲಾ ವರ್ಷದ ಅಂಕಗಳ ಪಟ್ಟಿ ನಾಳೆಯೊಳಗೆ ಕೊಡಬೇಕು ಎಂದಳು. ಹೆಸರು ಹೊಡೆದೆ. ಎಂದೂ ಕಣ್ಣು ಮಿಟುಕಿಸುವುದರಲ್ಲಿ ಬರುವ ಪಟ್ಟಿಗೆ ನಾಲ್ಕು ನಿಮಿಷ ಹಿಡಿಯಿತು. ಆ ನಾಲ್ಕು ನಿಮಿಷ ಅವಳು ಮಗುವಿಗೆ ಕಿಟಕಿಯಿಂದ ಡ್ಯಾನ್ಯೂಬ್ ನದಿಯ ಹಡಗು ತೋರಿಸುತ್ತಿದ್ದಳು. ನಾನು ಗೋಡೆಯಾಚೆಯ ಕಟ್ ಕಟ್ ಕೇಳುತ್ತಿದ್ದೆ.

ಪಟ್ಟಿ ಬಂತು. ಅವಳು ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿದಳು. ನನ್ನ ಅಂಗೈಯ ಬೆವರು ಅವಳಿಗೆ ಗೊತ್ತಾಗಿರಬೇಕು.

ಕೆಳಗೆ ನಿಂತವರು ಇವರೇ.

ನವೆಂಬರ್ 17, ಶುಕ್ರವಾರ

ಬೆಳಿಗ್ಗೆ ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು.

ಎಷ್ಟು ಹೊತ್ತು ಅಲ್ಲಿ ನಿಂತಿದ್ದೆನೋ ಗೊತ್ತಿಲ್ಲ. ಕಾಲು ತಾನಾಗಿ ಇಸ್ಕ್ರಾಳ ಕೋಣೆಗೆ ಹೋಯಿತು. ಅವಳು ಮೊಸರು ಕುಡಿಯುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ: ಒ, ಖಾಲಿ ಫೋಲ್ಡರ್, ಡಿಸ್ಕು, ಸುಳ್ಳು ಮನೆಗೆಲಸ. ಹೇಳುತ್ತಿರುವಾಗ ಅವಳ ಮುಖ ನೋಡಲಾಗದೆ ಮೊಸರಿನ ಲೋಟ ನೋಡುತ್ತಿದ್ದೆ. ನಗುತ್ತಾಳೆ, ಇಲ್ಲವೇ ನೇರವಾಗಿ ಗೆಂಚೆವಾ ಹತ್ತಿರ ಓಡುತ್ತಾಳೆ ಎಂದುಕೊಂಡಿದ್ದೆ.

ಅವಳು ಬಿಳುಚಿಕೊಂಡಳು. "ಅಕ್ಕಾ, ಆ ಫೋಲ್ಡರ್ ನಾನು ನೋಡಿದ್ದೆ," ಎಂದಳು.

ನನಗೆ ಅರ್ಥವಾಗಲಿಲ್ಲ.

"ಹೋದ್ ವರ್ಷಾನೇ ನೋಡಿದ್ದೆ. ಪಟ್ಟಿಯ ಕೊನೇಲಿ ಅದೇ ಹೆಸರಿಂದು ಇನ್ನೊಂದು, ಖಾಲಿ. ಕೇಳೋಣ ಅಂತ ನಿಮ್ ಬಾಗಿಲ ತನಕ ಬಂದೆ."

ಕೇಳಬೇಕಿತ್ತು, ಯಾಕೆ ಕೇಳಲಿಲ್ಲ ಎಂದು ಕೂಗಿಬಿಟ್ಟೆ.

"ನೀವೇ ಹೇಳಿದ್ರಲ್ಲಕ್ಕಾ. ನಾನು ಸೇರ್ಕೊಂಡ ಮೊದಲ್ನೇ ತಿಂಗಳು ಏನೋ ಕೇಳಿದ್ದಕ್ಕೆ, ನನ್ನ ಫೋಲ್ಡರ್‌ಗಳ ತಂಟೆಗೆ ಬರ್ಬೇಡ, ನಿಂಗೆ ಅರ್ಥ ಆಗಲ್ಲ ಅಂದ್ರಿ. ಆವತ್ತಿಂದ ನಿಮ್ ಬಾಗಿಲು ತಟ್ಟೋಕೆ ನಂಗೆ ಭಯ."

ಭಯವಂತೆ, ನನ್ನನ್ನು ಕಂಡರೆ! ಅವಳು ಎದ್ದು ಬೀರು ತೆರೆದು ದೊಡ್ಡ ಡಿಸ್ಕು ತೆಗೆದಳು. ಕೋಟು ಹಾಕಿಕೊಳ್ಳಿ, ಗೆಂಚೆವಾ ಹತ್ತು ಗಂಟೆಗೆ ಹೊರಗೆ ಹೋಗುತ್ತಾರೆ ಎಂದಳು.

ಗೆಂಚೆವಾ ಅವರ ಮುಂದೆ ನಡೆದದ್ದನ್ನು ಬರೆಯಲಾರೆ. ಅವರು ಕೂಗಲಿಲ್ಲ, ಕೂಗಿದ್ದರೆ ಒಳ್ಳೆಯದಿತ್ತು. ಸಹಿ ಹಾಕಿದರು. ಕಾರಣದ ಸಾಲಿನಲ್ಲಿ ಏನು ಬರೆಯಲಿ ಎಂದು ಅವರೇ ಕೇಳಿದರು. ಲೇಖನಿ ತೆಗೆದುಕೊಂಡು ನಾನೇ ಬರೆದೆ: 'ಬ್ಯಾಕಪ್ ಇಲ್ಲ. ತಪ್ಪು ನನ್ನದು. ತುರ್ತು.'

ನವೆಂಬರ್ 19, ಭಾನುವಾರ

ಎರಡು ದಿನದಿಂದ ಇಲ್ಲೇ ಇದ್ದೇವೆ. ಪರದೆಯ ಮೇಲೆ ಒಂದೊಂದೇ ಅಂಕೆ ಏರುತ್ತದೆ. ಸದ್ದು ಬಂದಾಗಲೆಲ್ಲ ಇಸ್ಕ್ರಾ ನನ್ನ ತೋಳು ಹಿಡಿಯುತ್ತಾಳೆ. ಭಯ ಇಬ್ಬರಿಗೂ ಒಂದೇ ಅಳತೆಯಲ್ಲಿದೆ. ಸ್ಪಾಸ್ ಮಧ್ಯಾಹ್ನ ಹುರುಳಿಕಾಯಿ ಬೀಜದ ಸಾರು ತಂದುಕೊಟ್ಟು, ಯಂತ್ರವನ್ನು ನೋಡಿ, ಇಷ್ಟೇನಾ ಎಂದು ಹೋದ.

ಸಂಜೆ ನಾಲ್ಕಕ್ಕೆ ಮುಗಿಯಿತು. ಬಂದಿದೆ. ಒಂದು ಚೂರು ಬಿಟ್ಟು ಎಲ್ಲ ಬಂದಿದೆ. ನಕಲಿನಿಂದ ರಲಿತ್ಸಾಳ ಪಟ್ಟಿ ತೆಗೆದು ಬೇರೆ ಕಂಪ್ಯೂಟರಿನಲ್ಲಿ ತೆರೆದೆವು. ಈ ಸಲ ನಿಜವಾಗಿ.

ಅರ್ಧ ಗಂಟೆ ಬಿಟ್ಟು ಆನ್ ಮಾಡಿ ನೋಡಿದರೆ ಹಳೆಯ ಡಿಸ್ಕು ಮತ್ತೆ ಶುರುವಾಗಲೇ ಇಲ್ಲ.

ನವೆಂಬರ್ 24, ಶುಕ್ರವಾರ

ಬಾರದೆ ಉಳಿದ ಚೂರು 2014ರ ಮಣ್ಣುಶಾಸ್ತ್ರದ ಅಂಕಗಳು. ಪುಣ್ಯಕ್ಕೆ ಕಾಗದದ ದಾಖಲೆ ನೆಲಮಾಳಿಗೆಯಲ್ಲಿತ್ತು. ಇಸ್ಕ್ರಾ ಓದುತ್ತಾಳೆ, ನಾನು ಹೊಡೆಯುತ್ತೇನೆ. ಮೇಷ್ಟ್ರ ಕೈಬರಹಕ್ಕೆ ಅವಳು ಕೊಡುವ ಶಾಪಗಳನ್ನು ಕೇಳಿ ಇವತ್ತು ಜೋರಾಗಿ ನಕ್ಕೆ.

ನನಗೆ ಲಿಖಿತ ಎಚ್ಚರಿಕೆ ಬಂದಿದೆ, ಫೈಲಿಗೆ ಸೇರಿದೆ. ಮೂವತ್ತು ವರ್ಷದಲ್ಲಿ ಮೊದಲನೆಯದು. ತೊಮೊವ್ ಅವರಿಗೂ ಪತ್ರ ಬರೆದೆ, ಮನೆಗೆಲಸ ಸುಳ್ಳು, ವಾಪಸ್ ತೆಗೆದುಕೊಳ್ಳುತ್ತೇನೆ, ನಿಜವಾದದ್ದು ಇದರ ಜೊತೆಗಿದೆ ಎಂದು. ಕಳಿಸುವ ಗುಂಡಿ ಒತ್ತಿ ಕಣ್ಣು ಮುಚ್ಚಿಕೊಂಡೆ. ಒಂದು ಸಾಲಿನ ಉತ್ತರ ಬಂತು: ನಿಯಮದಂತೆ ಆ ವಾರಕ್ಕೆ ಸೊನ್ನೆ ಕೊಡಬೇಕಾಗುತ್ತದೆ, ಸೋಫಿಯಾದಲ್ಲಿ ಯಾವುದರ ಬಗ್ಗೆ ಮಾತಾಡುತ್ತೀರಿ ಎಂದು ತಿಳಿಸಿ. ಇನ್ನೂ ಒಂದು ಸೊನ್ನೆ. ಸೊನ್ನೆಗಳಿಗೆ ನನ್ನ ಮೇಲೆ ಪ್ರೀತಿ ಜಾಸ್ತಿ.

ಆ ಸೊನ್ನೆಯಿಂದ ನಾನು ನಪಾಸಾಗಲೂಬಹುದು.

ಡಿಸೆಂಬರ್ 8, ಶುಕ್ರವಾರ

ವಿದ್ಯಾರ್ಥಿಗಳ ಹಬ್ಬ. ಹುಡುಗರೆಲ್ಲ ಬೆಟ್ಟದ ಕಡೆ ಹೋಗಿದ್ದಾರೆ, ಕಟ್ಟಡ ಖಾಲಿ. ಇಸ್ಕ್ರಾ ಒಂದು ಸುದ್ದಿ ಹೇಳಿದಳು. ತಾನಾಗಿ ಹೋಗಿ ಗೆಂಚೆವಾ ಅವರನ್ನು ಕೇಳಿದ್ದಾಳೆ, ಒಂದೂವರೆ ಹುದ್ದೆಯನ್ನು ಒಂದು, ಅರ್ಧ ಎಂದು ಒಡೆಯುವ ಬದಲು ಇಬ್ಬರಿಗೂ ಮುಕ್ಕಾಲು ಮುಕ್ಕಾಲು ಕೊಡಿ ಎಂದು. ಇಬ್ಬರೂ ಪಾಸಾದರೆ ನೋಡೋಣ ಎಂದರಂತೆ.

ಯಾಕೆ ಹೀಗೆ ಮಾಡಿದೆ, ನಿನಗೆ ಪೂರ್ತಿ ಹುದ್ದೆ ಸಿಗುತ್ತಿತ್ತಲ್ಲ ಎಂದೆ.

"ಪೂರ್ತಿ ಹುದ್ದೆ ತಗೊಂಡು ಆ ಸರ್ವರ್ ಜೊತೆ ಒಬ್ಳೇ ಕೂರ್ಲಾ? ಸಾಕಮ್ಮ ನಂಗೆ," ಎಂದಳು.

ಈಗ ಭಯ ಇಮ್ಮಡಿಯಾಗಿದೆ. ನಾನು ಬಿದ್ದರೆ ಅವಳ ಮಾತೂ ಬೀಳುತ್ತದೆ.

ಡಿಸೆಂಬರ್ 14, ಗುರುವಾರ

ಸೋಫಿಯಾ. ಬಸ್ಸಿನಲ್ಲಿ ಚಳಿ, ದಾರಿ ತುಂಬ ಮಂಜು. ಹೊಸ ಬೂಟು ಹಾಕಿಕೊಂಡು ಹೋಗಿ ಕೆಟ್ಟೆ, ಹಿಮ್ಮಡಿ ಸುಲಿದುಹೋಯಿತು. ಮಾತಾಡುವಾಗ ಪೂರ್ತಿ ಅದರ ಮೇಲೇ ಗಮನ.

ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಒ ಅಕ್ಷರವನ್ನು ಎರಡು ಸಲ ದೊಡ್ಡದಾಗಿ ಪರದೆಯ ಮೇಲೆ ತೋರಿಸಿ, ಇದರಲ್ಲಿ ನಮ್ಮದು ಯಾವುದು ಹೇಳಿ ಎಂದೆ. ಯಾರೂ ಹೇಳಲಿಲ್ಲ. ಇಸ್ಕ್ರಾ ನೋಡಿಯೂ ಕೇಳದೆ ಹೋದ ವಿಷಯ ಬಂದಾಗ, ಅವಳು ಯಾಕೆ ಕೇಳಲಿಲ್ಲ ಎಂಬುದನ್ನೂ ಹೇಳಿದೆ. ನಾನು ಮುಗಿಸಿದಾಗ ಚಪ್ಪಾಳೆ ಬರಲಿಲ್ಲ. ಎರಡನೇ ಸಾಲಿನಲ್ಲಿ ಬೋಳುತಲೆಯ ಒಬ್ಬರು ಲ್ಯಾಪ್‌ಟಾಪ್ ತೆರೆದು ಏನೋ ಹುಡುಕುತ್ತಿದ್ದರು. ಸ್ವಲ್ಪ ಹೊತ್ತಿಗೆ ಎದ್ದು ಫೋನ್ ಕಿವಿಗಿಟ್ಟುಕೊಂಡು ಹೊರಗೆ ಓಡಿದರು. ಅವರ ಮುಖ ನೋಡಿ ನನಗೆ ಅಯ್ಯೋ ಅನ್ನಿಸಿತು. ಹೊರಗೆ ಹೋಗಿ, ಮೊದಲು ಯಂತ್ರ ನಿಲ್ಲಿಸಲು ಹೇಳಿ, ಒಬ್ಬರೇ ಕೈ ಹಾಕಬೇಡಿ ಎಂದು ಹೇಳಿ ಬಂದೆ.

ಸುಲಿದ ಜಾಗಕ್ಕೆ ಸ್ಪಾಸ್ ಏನೋ ಮುಲಾಮು ಹಚ್ಚಿದ್ದಾನೆ, ವಾಸನೆ ತಡೆಯಲಾಗದು.

ಡಿಸೆಂಬರ್ 19, ಮಂಗಳವಾರ

ಕಚೇರಿಗೆ ಹೊಸದಾಗಿ ಬಂದ ಗುಮಾಸ್ತೆ ಪಾಸ್‌ವರ್ಡ್ ಹೋಗುತ್ತಿಲ್ಲ ಎಂದು ಮೂರನೇ ಸಲ ಬಂದಳು. ಕೂರಿಸಿ ಕಾಫಿ ಕೊಟ್ಟು ತೋರಿಸಿಕೊಟ್ಟೆ. ಸಮಯ ಹೋಯಿತು, ಇಸ್ಕ್ರಾ ಜೊತೆ ಊಟಕ್ಕೆ ತಡವಾಯಿತು. ಬೇರೇನೂ ವಿಶೇಷವಿಲ್ಲ. ಗುರುವಾರ ಫಲಿತಾಂಶ.

ಡಿಸೆಂಬರ್ 21, ಗುರುವಾರ

ಹತ್ತು ಗಂಟೆಗೆ ಫಲಿತಾಂಶದ ಪುಟ ತೆರೆಯಿತು. ಹೆಸರು ಟೈಪ್ ಮಾಡಿದರೆ ಫಲಿತಾಂಶ ತೋರಿಸುತ್ತದೆ. ಮಧ್ಯಾಹ್ನದೊಳಗೆ ಇಬ್ಬರದ್ದೂ ಮುದ್ರಿಸಿ ಗೆಂಚೆವಾ ಅವರ ಮೇಜಿಗೆ ಮುಟ್ಟಿಸಬೇಕಿತ್ತು. ಆಚೆಯಿಂದ ಇಸ್ಕ್ರಾ "ನಂದು ಬಂತು, ಪಾಸು," ಎಂದಳು.

ನಾನು ಹೊಡೆದೆ: ಪೆನ್ಕಾ ಇಲ್ಚೊವಾ.

'ಈ ಹೆಸರಿನವರು ಯಾರೂ ಇಲ್ಲ.'

ಮತ್ತೆ ಹೊಡೆದೆ. ಇಲ್ಲ. ನಿಧಾನವಾಗಿ, ಒಂದೊಂದೇ ಅಕ್ಷರ ನೋಡಿ ಹೊಡೆದೆ. ಇಲ್ಲ. ನಪಾಸು ಎಂದಿದ್ದರೂ ತಡೆದುಕೊಳ್ಳುತ್ತಿದ್ದೆ, ನಾನು ಇಲ್ಲವೇ ಇಲ್ಲ ಎಂದರೆ ಏನು ಮಾಡಲಿ? ಸುಳ್ಳು ಹೇಳಿದ್ದಕ್ಕೆ ಹೆಸರನ್ನೇ ಹೊಡೆದುಹಾಕಿದ್ದಾರೆ ಎಂದುಕೊಂಡೆ. ಇಸ್ಕ್ರಾಳ ಮುಕ್ಕಾಲು ಹುದ್ದೆಯ ಮಾತೂ ಹೋಯಿತು ಎಂದುಕೊಂಡೆ.

"ಇಸ್ಕ್ರಾ, ಬಾರೇ ಇಲ್ಲಿ, ನಾನು ಇಲ್ವಂತೆ ನೋಡು," ಎಂದು ಕೂಗಿದೆ. ಅವಳು ಮೊಸರಿನ ಲೋಟ ಹಿಡಿದುಕೊಂಡೇ ಬಂದಳು. ಪರದೆ ನೋಡಿದಳು, ನನ್ನನ್ನು ನೋಡಿದಳು. ಲೋಟ ಮೇಜಿನ ಮೇಲಿಟ್ಟಳು.

"ಅಕ್ಕಾ, ನಿಮ್ 'ಅ' ಯಾವ ಲಿಪೀದು?"

ಅವಳು ಕೀಬೋರ್ಡ್ ಎಳೆದುಕೊಂಡು ನನ್ನ ಹೆಸರಿನ ಒಂದೊಂದೇ ಅಕ್ಷರವನ್ನು ಲ್ಯಾಟಿನ್‌ಗೆ ಬದಲಾಯಿಸಿ ನೋಡುತ್ತ ಹೋದಳು. ಪೆನ್ಕಾ ಎಂದು ಬರೆಯಲು ನಮ್ಮ ಲಿಪಿಯಲ್ಲಿ ಐದು ಅಕ್ಷರ ಬೇಕು; ಮೊದಲನೆಯದಕ್ಕೂ ಮೂರನೆಯದಕ್ಕೂ ಲ್ಯಾಟಿನ್ನಿನಲ್ಲಿ ಜೋಡಿಯೇ ಇಲ್ಲ. ಎರಡನೆಯದು, ಇಲ್ಲ. ನಾಲ್ಕನೆಯದು, ಇಲ್ಲ. ಪೆನ್ಕಾ ಎಂಬುದರ ಕೊನೆಯ 'ಅ' ಬದಲಾಯಿಸಿ ಗುಂಡಿ ಒತ್ತಿದಾಗ ಪುಟ ತೆರೆದುಕೊಂಡಿತು. ಪೆನ್ಕಾ ಇಲ್ಚೊವಾ, ಲೋಮ್. ಒಂದು ವಾರದ ಮನೆಗೆಲಸ ಸೊನ್ನೆ. ಉತ್ತೀರ್ಣ.

ತರಬೇತಿ ಕೇಂದ್ರದಲ್ಲಿ ಯಾರೋ ನನ್ನ ಹೆಸರು ಹೊಡೆಯುವಾಗ ಕೀಬೋರ್ಡ್ ಬದಲಾಯಿಸಿಕೊಂಡಿಲ್ಲ. ಇಸ್ಕ್ರಾ ಕುರ್ಚಿಗೆ ಒರಗಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ, ಆಮೇಲೆ ಅದು ಅಳುವಾಯಿತು. ಅವಳು ತನ್ನ ಮೊಸರು ನನಗೆ ಕುಡಿಸಿದಳು.

ಹನ್ನೊಂದೂವರೆಗೆ ಎರಡು ಹಾಳೆಗಳನ್ನೂ ಗೆಂಚೆವಾ ಅವರಿಗೆ ಕೊಟ್ಟು ಬಂದೆವು. ಜನವರಿಯಿಂದ ಮುಕ್ಕಾಲು, ಮುಕ್ಕಾಲು.

ವಾಪಸ್ ಬಂದು ಕೂತಮೇಲೆ ನೆನಪಾಯಿತು, ಆ ಕೇಂದ್ರದಲ್ಲಿ ಹೆಸರು ಹೊಡೆದವರು ನನ್ನದೊಂದನ್ನೇ ಹೊಡೆದಿರಲಾರರು. ಎಲ್ಲೋ ಇನ್ನೊಂದು ಊರಿನಲ್ಲಿ, ಇನ್ನೊಂದು ಮುಚ್ಚಿದ ಬಾಗಿಲ ಹಿಂದೆ, ನಾನು ಇಲ್ಲವಂತೆ ಎಂದು ಯಾರಾದರೂ ಬೆವರುತ್ತ ಕೂತಿರಬಹುದು. ಪಕ್ಕದಲ್ಲಿ ಕೇಳಲು ಯಾರಿದ್ದಾರೋ ಇಲ್ಲವೋ. ಕೂಡಲೇ ಕೇಂದ್ರಕ್ಕೆ ಪತ್ರ ಬರೆದೆ, ಪಟ್ಟಿಯನ್ನೆಲ್ಲ ಒಮ್ಮೆ ಪರೀಕ್ಷಿಸಿ, ಹೇಗೆ ಪರೀಕ್ಷಿಸಬೇಕೆಂದು ಕೆಳಗೆ ಬರೆದಿದ್ದೇನೆ ಎಂದು. ಹೊಡೆದವರು ಯಾರೋ, ಪಾಪ, ಹೆದರುತ್ತಾರೆ ಎಂದು ಮೊದಲ ಸಾಲನ್ನು ಹೀಗೆ ಶುರುಮಾಡಿದೆ: 'ಈ ತಪ್ಪು ನನಗೆ ಚೆನ್ನಾಗಿ ಗೊತ್ತು. ನಾನೇ ಮಾಡಿದ್ದೇನೆ.'

ಕೆಳಗೆ ಹೆಸರು ಹಾಕುವ ಮೊದಲು ಕೀಬೋರ್ಡ್ ಯಾವ ಲಿಪಿಯಲ್ಲಿದೆ ಎಂದು ನೋಡಿಕೊಂಡೆ.